ಅತ್ತೆ ಉತ್ತರ ಹೇಳಿಬಿಟ್ಟಳು

ನಮ್ಮ ಅತ್ತೆಯ ತಲೆ ಸರಿಯಿಲ್ಲವೆಂದು ಹೊಸೂರಿನ ಡಾಕ್ಟರು ಹೇಳಿದ್ದು ಈಚೆಗೆ. ಕೆಲಮಂಗಲದ ಜನ ಅದನ್ನು ಬಹಳ ಹಿಂದೆಯೇ ಹೇಳಿದ್ದರು, ಅದೂ ಯಾವ ಸ್ಕ್ಯಾನಿಂಗೂ ಇಲ್ಲದೆ!

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ. ಆ ವಿಷಯ ಬರೆದರೆ ನಾನು ಮತ್ತೆ ಮನೆಯಲ್ಲಿ ಊಟ ಮಾಡುವ ಹಾಗಿಲ್ಲ. ಇವಳು ನಮ್ಮಪ್ಪನ ಅಕ್ಕ. ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತಳಾದವಳು. ಮಕ್ಕಳಿಲ್ಲ. ಗಂಡ ಇದ್ದಾಗಲೂ, ತೀರಿಕೊಂಡ ಮೇಲೂ ನಮ್ಮ ಮನೆಯಲ್ಲೇ ಇದ್ದಾಳೆ.

ಡಾಕ್ಟರು ಅವಳ ತಲೆಯ ಫಿಲಮನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮಪ್ಪನನ್ನು ಮೊದಲು ಕೇಳಿದ ಪ್ರಶ್ನೆ ಇದು. "ಇವರು ಯಾವಾಗಿನಿಂದ ಹೀಗಿದ್ದಾರೆ?"

ಅಪ್ಪ ಬಹಳ ಹೊತ್ತು ಯೋಚಿಸಿ, "ಹುಟ್ಟಿದಾಗ್ಲಿಂದ ಸಾರ್" ಎಂದರು.

ನಗಬೇಡಿ, ಇದು ನಿಜವಾಗಿಯೂ ತೊಂದರೆಯ ವಿಷಯ. ಎಲ್ಲರ ಹಾಗೆ ಇದ್ದವರು ಒಂದು ದಿನ ಎಲ್ಲರ ಹಾಗೆ ಇಲ್ಲದಿದ್ದರೆ ಮನೆಯವರಿಗೆ ಗೊತ್ತಾಗುತ್ತದೆ. ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನಮ್ಮತ್ತೆ ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟರೆ ನಾವು, ಇದರಲ್ಲಿ ಯಾವ ಲೆಕ್ಕವಿದೆಯೋ ಎಂದುಕೊಂಡು ಸುಮ್ಮನೆ ಬಾಗಿಲು ಮುಚ್ಚುತ್ತಿದ್ದೆವು. ಹಾಗಾಗಿ ಕಾಯಿಲೆ ಯಾವಾಗ ಒಳಗೆ ಬಂತೋ, ಎಷ್ಟು ದೂರ ಬಂತೋ ನಮಗೆ ತಿಳಿಯಲಿಲ್ಲ. ಅದು ನಮ್ಮ ಮನೆಗೆ ನೆಂಟರ ವೇಷದಲ್ಲಿ ಬಂದು ಉಳಿದುಬಿಟ್ಟಿತ್ತು.

ಅವಳ ಲೆಕ್ಕದ ಕ್ಲಾಸಿನ ಬಗ್ಗೆ ಮೊದಲು ಹೇಳಬೇಕು. ನಿವೃತ್ತಳಾದ ಮಾರನೇ ದಿನವೇ ಅತ್ತೆ ನಮ್ಮ ಜಗುಲಿಯ ಗೋಡೆಗೆ ಕಪ್ಪು ಬಣ್ಣ ಬಳಿಸಿ, ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳನ್ನು ಗಣಿತ ಸ್ಪರ್ಧೆಗೆ ತಯಾರು ಮಾಡಲು ಕೂತಳು. ಇದು ಪಾಸು ಮಾಡಿಸುವ ಟ್ಯೂಷನ್ ಅಲ್ಲ. ಸ್ಕೂಲಿನ ಲೆಕ್ಕಕ್ಕೆ ಯಾವ ಸೂತ್ರ ಹಾಕಬೇಕೆಂದು ಮೊದಲೇ ಗೊತ್ತಿರುತ್ತದೆ. ಸ್ಪರ್ಧೆಯ ಲೆಕ್ಕದಲ್ಲಿ ಎಲ್ಲಿಂದ ಶುರು ಮಾಡುವುದು ಎಂಬುದೇ ಲೆಕ್ಕ. ಅತ್ತೆಯ ಕ್ಲಾಸಿನಲ್ಲಿ ಒಂದೇ ಕಾಯಿದೆ: ಯಾರೂ ಯಾರಿಗೂ ಉತ್ತರ ಹೇಳುವಂತಿಲ್ಲ. ಅವಳಂತೂ ಸತ್ತರೂ ಹೇಳುವವಳಲ್ಲ. ಉತ್ತರ ಸಿಕ್ಕಿದವರು ಬಾಯಿ ಮುಚ್ಚಿಕೊಂಡು ಇನ್ನೊಂದು ದಾರಿ ಹುಡುಕಬೇಕು. ಸಿಗದೆ ಅಳುಮುಖ ಮಾಡಿದವರಿಗೆ ಅವಳು ಕೊಡುತ್ತಿದ್ದ ಸಮಾಧಾನವೂ ಒಂದೇ. "ಕೂತ್ಕೋ. ಅದೇ ಬತ್ತದೆ."

ಮೂಕಂಡಪಲ್ಲಿಯಿಂದ ಒಬ್ಬ ಹುಡುಗನ ತಂದೆ ಒಮ್ಮೆ ಸ್ಕೂಟರಿನಲ್ಲಿ ಬಂದರು. ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲೇ ಸೂಪರ್‌ವೈಸರು. "ಮೇಡಂ, ಒರು ವಾರಮಾ ಒರೇ ಕಣಕ್ಕಾ?" ಎಂದು ತಮಿಳಿನಲ್ಲಿ ಶುರುವಿಟ್ಟುಕೊಂಡರು. ಒಂದು ವಾರದಿಂದ ಅವರ ಮಗ ಒಂದೇ ಲೆಕ್ಕ ಹಿಡಿದು ಕೂತಿದ್ದಾನಂತೆ.

"ಒಂದ್ ವಾರಕ್ಕೇ ಬೇಜಾರಾ? ನಾನು ಆ ಲೆಕ್ಕದ ಜೊತೆ ಒಂದ್ ವರ್ಷ ಸಂಸಾರ ಮಾಡಿವ್ನಿ" ಎಂದಳು ಅತ್ತೆ. "ನಮ್ಮೆಜಮಾನ್ರು ಸಿಕ್ಕಿದ್ದು ಅದಾದ್ಮೇಲೆ."

ಮಾವ ಅಲ್ಲೇ ಪೇಪರು ಓದುತ್ತಿದ್ದರು, ಪುಟ ತಿರುಗಿಸಿದರು. ಪುಣ್ಯಾತ್ಮ, ಅವಳ ಜೊತೆ ಬದುಕಿದ ರೀತಿಯೇ ಅದು.

ನಾನು ಅವಳ ಮೊದಲನೇ ಶಿಷ್ಯ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಫೇಲಾಗಿ, ಊರಿಗೆಲ್ಲ ಅವಳ ಹೆಸರು ಹಬ್ಬಿಸಿದವನು. ರಿಸಲ್ಟು ಬಂದ ದಿನ ಅಪ್ಪ ಬೆಲ್ಟು ಹುಡುಕುತ್ತಿದ್ದರೆ ಅತ್ತೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಯಾವ್ಯಾವ ಲೆಕ್ಕ ಹೆಂಗೆಂಗೆ ತಪ್ ಮಾಡ್ದೆ, ಹೇಳ್ಲಾ" ಎಂದು ಕೂತಳು. ಒಂದು ತಪ್ಪು ಅವಳಿಗೆ ಬಹಳ ಹಿಡಿಸಿತು. "ಇಂಥ ತಪ್ಪು ಮಾಡಕ್ಕೂ ತಲೆ ಬೇಕು ಕಣ್ಲಾ" ಎಂದು ನನ್ನ ತಲೆ ಸವರಿದಳು. ಆ ಹೊಗಳಿಕೆಯಿಂದ ನಾನು ಇವತ್ತಿಗೂ ಚೇತರಿಸಿಕೊಂಡಿಲ್ಲ.

ಮಾವ ಸತ್ತ ದಿನದ್ದನ್ನು ಹೇಳದೆ ಬಿಡುವಂತಿಲ್ಲ. ಹೆಣ ನಡುಮನೆಯಲ್ಲಿತ್ತು. ನೆಂಟರ ಹೆಂಗಸರು ಬಂದು ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಅತ್ತೆ ಹೆಣದ ತಲೆಯ ಹತ್ತಿರ ಗೋಡೆಗೊರಗಿ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಇಲ್ಲಿರೋರಲ್ಲಿ ಯಾರಾದ್ರೂ ಇಬ್ರು ಒಂದೇ ಎಣಿಕೆ ಜನರನ್ನ ತಬ್ಕಂಡಿರ್ತೀರ. ಇರ್ಲೇಬೇಕು. ಯಾಕೆ ಇರ್ಲೇಬೇಕು, ಹೇಳಿ."

ಅಳು ನಿಂತಿತು. ಮೊದಲು ಗಾಬರಿಗೆ, ಆಮೇಲೆ ಲೆಕ್ಕಕ್ಕೆ. "ನಾನು ನಾಕ್ ಜನರನ್ನ ತಬ್ಕಂಡೆ. ನೀನೆಷ್ಟಮ್ಮಿ?" ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದಳು. ಮೂಲೆಯಲ್ಲಿದ್ದ ಉದ್ದನಪಲ್ಲಿಯ ದೊಡ್ಡಮ್ಮ, "ನಾನ್ ಯಾರ್ನೂ ತಬ್ಕಂಡಿಲ್ಲಪ್ಪ, ನಂಗೆ ಸೊಂಟ ನೋವು" ಎಂದಳು. ಅದಕ್ಕೆ ಅವಳ ಸೊಸೆ ಥಟ್ಟನೆ, "ಹಂಗಾದ್ರೆ ಇಲ್ಲಿ ಎಲ್ರನ್ನೂ ತಬ್ಕಂಡೋರು ಒಬ್ರೂ ಇಲ್ಲ ಅಂತಾಯ್ತು" ಎಂದುಬಿಟ್ಟಳು.

ಅತ್ತೆ ತಲೆಯೆತ್ತಿ ಅವಳನ್ನು ನೋಡಿದಳು. ಆ ಸೊಸೆ ಲೆಕ್ಕದ ಹೊಸ್ತಿಲು ದಾಟಿದ್ದಳು, ಅವಳಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಹೆಣ ಎತ್ತಬೇಕೆಂದರು. ಕಲ್ಲು ಮನಸ್ಸಿನ ಹೆಂಗಸು ಎಂದು ಊರು ಬಹಳ ಕಾಲ ಆಡಿಕೊಂಡಿತು. ಹೆಣ ಹೋದ ಮೇಲೆ ಅವಳು ಬಚ್ಚಲೊಲೆಯ ಮುಂದೆ ಕೂತು ಅತ್ತದ್ದನ್ನು ಊರು ನೋಡಿರಲಿಲ್ಲ, ನಾನು ನೋಡಿದ್ದೆ. ಹೊಗೆ ಎಂದಳು. ಒಲೆ ಹಚ್ಚಿರಲಿಲ್ಲ.

ಇದನ್ನೆಲ್ಲ ಅಪ್ಪ ಡಾಕ್ಟರಿಗೆ ವಿವರವಾಗಿ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು, ಅಂಥ ಇಬ್ಬರು ಯಾಕೆ ಇರಲೇಬೇಕು ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಹೇಳಿದೆನಲ್ಲ, ಫೇಲಾದವನು.

ಅಪ್ಪ ಅಲ್ಲಿಗೆ ಬಿಡಲಿಲ್ಲ. ರೇವತಿಯ ಕಥೆಗೆ ಬಂದರು.

ರೇವತಿ ಉದ್ದನಪಲ್ಲಿಯ ಹುಡುಗಿ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು, ಅತ್ತೆಯ ಜಗುಲಿಯಲ್ಲಿ ಕನ್ನಡ. ಅವಳ ಅಪ್ಪನದು ಹೂವಿನ ತೋಟ, ಚೆಂಡು ಹೂ, ಸೇವಂತಿಗೆ. ಒಂಬತ್ತನೇ ಕ್ಲಾಸಿಗೆ ಅವಳ ಓದು ಸಾಕು ಎಂದು ಅವನು ತೀರ್ಮಾನಿಸಿದ್ದು ಅತ್ತೆಯ ಕಿವಿಗೆ ಬಿತ್ತು. ಅತ್ತೆ ನನ್ನ ಬೈಕಿನಲ್ಲಿ ಹಿಂದೆ ಕೂತು ಹೋದಳು. ತೋಟದ ಬೇಲಿಯಾಚೆಯಿಂದಲೇ ಕೂಗಿದಳು. "ನಿಮ್ಮುಡುಗಿ ಚೆನ್ನಾಗಿ ಬಿಡಿಸ್ತಾಳೆ ಕಣಪ್ಪ, ಅವಳ್ನ ಬಿಡಿಸ್ಬೇಡ."

ನಮ್ಮ ಭಾಷೆಯಲ್ಲಿ ಈ ಒಂದು ಮಾತು ಮಾಡದ ಕೆಲಸವುಂಟೇ? ಲೆಕ್ಕ ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ. ಹೂವನ್ನೂ ಬಿಡಿಸುತ್ತೇವೆ, ಹುಡುಗಿಯರ ಸ್ಕೂಲನ್ನೂ ಬಿಡಿಸುತ್ತೇವೆ. ಹೂವಿನವನು ತನಗೆ ಗೊತ್ತಿದ್ದ ಬಿಡಿಸುವುದನ್ನೇ ಕೇಳಿಸಿಕೊಂಡ.

"ಹೌದು ಟೀಚರ್, ಅವಳಂಗೆ ಬಿಡಿಸೋರು ಈ ಸುತ್ತಿಗೇ ಇಲ್ಲ. ಅದಕ್ಕೇ ಸ್ಕೂಲ್ ಬಿಡಿಸ್ತಾ ಇದೀನಿ" ಎಂದು ಹೆಮ್ಮೆಯಿಂದ ಹೇಳಿದ.

ಅತ್ತೆಗೆ ಅರ್ಥವಾಯಿತು. ಅವಳು ವಾದ ಮಾಡುವವಳಲ್ಲ. "ಹಂಗಾದ್ರೆ ನಿಂಗೆ ಬೇಕಾಗಿರೋದು ಹೂ ಬಿಡ್ಸೋ ಆಳು. ನಾನ್ ಬತ್ತೀನಿ" ಎಂದಳು. ಮಾರನೇ ಬೆಳಿಗ್ಗೆಯಿಂದ ಹುಡುಗಿಯನ್ನು ಸ್ಕೂಲಿಗೆ ಕಳಿಸಿ ತಾನು ತೋಟಕ್ಕಿಳಿದಳು. ಅವಳು ಬಿಡಿಸಿದ ಹೂವಿನಲ್ಲಿ ಅರ್ಧಕ್ಕರ್ಧ ಮೊಗ್ಗು. ಮೇಲಾಗಿ ಸಾಲಿನ ನಡುವೆ ನಿಂತು, ಒಂದು ಗಿಡ ಬಿಟ್ಟು ಒಂದು ಗಿಡದಲ್ಲಿ ಕಿತ್ತರೆ ಎಷ್ಟು ರೀತಿಯಲ್ಲಿ ತೋಟ ಮುಗಿಸಬಹುದೆಂದು ಕೂಲಿಯವರನ್ನೆಲ್ಲ ಕೇಳಿ ಕೆಲಸ ನಿಲ್ಲಿಸಿಬಿಟ್ಟಳು. ವಾರ ಮುಗಿಯುವುದರೊಳಗೆ ಹೂವಿನವನು ನಮ್ಮ ಮನೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. "ಅಣ್ಣಾ, ಹುಡುಗೀನ ಓದಿಸ್ತೀನಿ. ಮೊದ್ಲು ಟೀಚರ್ನ ನಮ್ ತೋಟದಿಂದ ಬಿಡಿಸ್ಕೊಂಡೋಗಿ."

ಹೀಗೆ ಅವಳು ಆಗ ಹುಚ್ಚಿಯಾಗಿದ್ದಳೋ, ಈಗ ಆದಳೋ ಎಂದು ಅಪ್ಪ ಡಾಕ್ಟರನ್ನೇ ಕೇಳಿದರು.

ಕಾಯಿಲೆ ಕಾಣಿಸಿಕೊಂಡ ದಿನ ಯಾವುದೆಂದು ನನಗೆ ಮಾತ್ರ ಗೊತ್ತು. ನಾನು ಫ್ಯಾಕ್ಟರಿಯಲ್ಲಿದ್ದೆ. ರೇವತಿಯ ಫೋನು ಬಂತು. "ಅಣ್ಣಾ, ಬೇಗ ಬನ್ನಿ. ಟೀಚರ್ ಆನ್ಸರ್ ಹೇಳ್ಬುಟ್ರು."

ನಮ್ಮ ಮನೆಯಲ್ಲಿ ಇದು ಬೆಂಕಿ ಬಿದ್ದಿದೆ ಎನ್ನುವುದಕ್ಕೆ ಸಮ. ಆದರೂ ಧೈರ್ಯ ತಂದುಕೊಂಡು, ಸರಿಯಾದದ್ದೇ ಹೇಳಿದರಾ ಎಂದು ಕೇಳಿದೆ.

"ಸರಿಯಾಗೇ ಹೇಳಿದ್ರಣ್ಣ. ಆದ್ರೆ ಅದು ಹೋದ ವಾರದ ಲೆಕ್ಕದ್ದು."

ನಾನು ಹೋದಾಗ ಮಕ್ಕಳೆಲ್ಲ ಜಗುಲಿಯಲ್ಲಿ ಸಾಲಾಗಿ, ಹೆಣ ಕಾಯುವವರಂತೆ ಕೂತಿದ್ದರು. ಅತ್ತೆ ಗೋಡೆಯ ಮೇಲೆ ತಾನೇ ಬರೆದಿದ್ದನ್ನು ನೋಡುತ್ತಾ ನಿಂತಿದ್ದಳು. "ಇದ್ಯಾರ್ಲಾ ಬರೆದೋರು, ಉತ್ತರಾನ? ಮಾನ ಮರ್ಯಾದೆ ಇಲ್ವಾ?" ಎಂದು ನನ್ನನ್ನು ಕೇಳಿದಳು. ನಾನೇ ಎಂದೆ. ಬೈದಳು. ಅವಳು ಬೈದದ್ದು ನನಗೆ ಎಷ್ಟು ಹಿತವಾಯಿತೆಂದರೆ, ಇನ್ನಷ್ಟು ಬೈಯಲಿ ಎಂದು ಅಲ್ಲೇ ನಿಂತೆ.

ಇನ್ನು ಡಾಕ್ಟರ ಪರೀಕ್ಷೆ. ಮರೆವಿನ ಕಾಯಿಲೆಯವರಿಗೆ ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಲು ಹೇಳುತ್ತಾರೆ. "ನೂರುಲ ಏಳು ಪೋನಾ ಎವ್ವಳವು, ಅಮ್ಮಾ?" ಎಂದು ಡಾಕ್ಟರು ಮೆತ್ತಗೆ ಕೇಳಿದರು.

ಅತ್ತೆ ಅವರನ್ನು ಕನಿಕರದಿಂದ ನೋಡಿದಳು. "ಕಡೇಗೆ ಎರಡು ಉಳೀತದೆ. ಮಧ್ಯದ್ದೆಲ್ಲ ಯಾಕಪ್ಪ ನಿಂಗೆ?"

ಡಾಕ್ಟರು ಕಾಗದದ ಮೇಲೆ ಕಳೆದು ಕಳೆದು ನೋಡಿದರು. ಎರಡೇ ಉಳಿಯಿತು. ಅವರು ನಮ್ಮ ಕಡೆ ತಿರುಗಿ ಬಹಳ ಸಂತೋಷದಿಂದ ನಕ್ಕರು. ನಾವೂ ನಕ್ಕೆವು. ಅಪ್ಪನಂತೂ, ಕಾಯಿಲೆಯಿಲ್ಲ ಗೀಯಿಲೆಯಿಲ್ಲ ಎನ್ನುವಂತೆ ಎದ್ದೇ ನಿಂತರು. ಆಗ ಡಾಕ್ಟರು ನನ್ನ ಕಡೆ ಬೆರಳು ತೋರಿಸಿ, "ಇವರು ಯಾರು?" ಎಂದು ಅವಳನ್ನು ಕೇಳಿದರು.

ಅತ್ತೆ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಕೊನೆಗೆ, "ಇವ್ನು ಲೆಕ್ಕದಲ್ಲಿ ಫೇಲಾದೋನು" ಎಂದಳು.

"ಹೆಸರು?"

"ಹೆಸರು ಯಾಕೆ? ಫೇಲಾದೋನು ಅಂದ್ರೆ ಇವ್ನೇ."

ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕು, ಮಾತ್ರೆ ತರುತ್ತೇನೆಂದು ಹೊರಗೆ ಬಂದೆ. ಮೆಡಿಕಲ್ ಸ್ಟೋರಿನ ಮುಂದೆ ನಿಂತು ಅತ್ತುಬಿಟ್ಟೆ. ನನ್ನನ್ನು ಈಗ ಅವಳಿಗೆ ನೆನಪಾಗದ ಆ ಹೆಸರು ಹಿಡಿದು ಕರೆದು ಬೆಳೆಸಿದವಳು ಅವಳೇ. ಅಮ್ಮನಿಗಿಂತ ಹೆಚ್ಚು ಸಲ ಕರೆದಿದ್ದಾಳೆ.

ಈ ಕಾಯಿಲೆ ವಾಸಿಯಾಗುವುದಲ್ಲ, ದಣಿವಾಗಬಾರದು, ಕ್ಲಾಸು ಬೇಡ ಎಂದರು ಡಾಕ್ಟರು. ಇಲ್ಲಿಂದ ನಮ್ಮ ನಿಜವಾದ ಕಷ್ಟ ಶುರು. ಪೊಂಗಲ್ ಕಳೆದ ಮೇಲೆ ಕೃಷ್ಣಗಿರಿಯಲ್ಲಿ ಸ್ಪರ್ಧೆಯಿತ್ತು. ಮಕ್ಕಳು ವರ್ಷವೆಲ್ಲ ಅದಕ್ಕಾಗಿ ಕೂತಿದ್ದರು. ಅತ್ತೆಗಂತೂ ಊಟ ಮಾಡಿದ್ದು ಮರೆಯುತ್ತಿತ್ತು, ಮಾವ ಸತ್ತದ್ದು ಮರೆಯುತ್ತಿತ್ತು, ಕೃಷ್ಣಗಿರಿ ಮಾತ್ರ ಮರೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು, "ಇವರು ಎಲ್ಲೋದ್ರು?" ಎಂದು ಗಂಡನ ವಿಷಯ ಕೇಳುವಳು. ಸತ್ತರು ಎಂದರೆ ಹೊಸದಾಗಿ ಗಂಡ ಸತ್ತ ಹೆಂಗಸಿನ ಮುಖವಾಗುವುದು. ಅದನ್ನು ಒಂದೆರಡು ಸಲ ನೋಡಿದ ಮೇಲೆ ನಾವು, ಪೇಪರು ತರಲು ಹೋಗಿದ್ದಾರೆ ಎನ್ನುವುದನ್ನು ಕಲಿತೆವು.

ಅಪ್ಪ ಮನೆಯವರನ್ನೆಲ್ಲ ಕೂರಿಸಿ, "ಅಕ್ಕನ್ನ ಕ್ಲಾಸ್ ಬಿಡಿಸ್ಬುಡಾಣ" ಎಂದರು. ಅತ್ತೆ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು.

"ಬಿಡ್ಸಪ್ಪ" ಎಂದಳು. "ಆದ್ರೆ ಸ್ಟೆಪ್ ತೋರ್ಸು. ಯಾಕೆ ಬಿಡಿಸ್ತಿದೀಯ, ಅದರಿಂದ ಏನ್ ಬತ್ತದೆ, ಆಮೇಲೆ ನಾನೇನ್ ಮಾಡ್ಲಿ. ಒಂದೊಂದಾಗಿ ತೋರ್ಸು."

ಆಮೇಲೆ ನಾನೇನು ಮಾಡಲಿ ಎಂಬ ಸ್ಟೆಪ್ಪು ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಕ್ಲಾಸು ಮುಂದುವರಿಯಿತು. ಕಾವಲಿಗೆ ನಾನು ಕೂರಬೇಕೆಂದು ತೀರ್ಮಾನವಾಯಿತು. ಲೆಕ್ಕದ ಕ್ಲಾಸಿಗೆ ನಾನು ಕಾವಲು! ನಮ್ಮ ವಂಶದ ದುರ್ದೆಸೆ ಅಲ್ಲಿಗೆ ಮುಟ್ಟಿತ್ತು.

ಅವಳಿಗೆ ಉಳಿದಿದ್ದದ್ದು ಒಂದೇ ಲೆಕ್ಕ. ಪ್ರತಿದಿನ ಹೊಸದೆಂಬಂತೆ ಅದನ್ನೇ ಕೊಡುತ್ತಿದ್ದಳು. ಒಂದು ಬೋಸಿಯಲ್ಲಿ ಅವರೆಕಾಳು, ಹುರುಳಿಕಾಳು ಬೆರೆತಿವೆ. ಕಣ್ಣು ಮುಚ್ಚಿ ಎರಡು ಕಾಳು ತೆಗೆಯಬೇಕು. ಎರಡೂ ಒಂದೇ ಜಾತಿಯಾದರೆ ಎರಡನ್ನೂ ಆಚೆಗಿಟ್ಟು, ಒಂದು ಹುರುಳಿಯನ್ನು ಬೋಸಿಗೆ ಹಾಕಬೇಕು. ಬೇರೆ ಬೇರೆಯಾದರೆ ಹುರುಳಿಯನ್ನು ಆಚೆಗಿಟ್ಟು ಅವರೆಯನ್ನು ವಾಪಸು ಹಾಕಬೇಕು. ಹೀಗೇ ಮಾಡುತ್ತಾ ಹೋದರೆ ಕೊನೆಗೆ ಉಳಿಯುವ ಒಂಟಿ ಕಾಳು ಯಾವುದು?

ಮಕ್ಕಳಿಗೆ ಇದರ ಉತ್ತರ ಮೊದಲನೇ ದಿನವೇ ಗೊತ್ತು. ಅವರೆ ಆಚೆ ಹೋದರೆ ಜೋಡಿಯಾಗಿಯೇ ಹೋಗುತ್ತದೆ. ಆದ್ದರಿಂದ ಮೊದಲು ಅವರೆ ಬೆಸವಿದ್ದರೆ ಕೊನೆಗೂ ಒಂದು ಅವರೆ ಜೋಡಿಯಿಲ್ಲದೆ ಉಳಿಯಲೇಬೇಕು, ಸಮವಿದ್ದರೆ ಹುರುಳಿ. ಎರಡನೇ ದಿನ ಅದೇ ಲೆಕ್ಕ ಬಂದಾಗ ಮೂಕಂಡಪಲ್ಲಿಯ ಹುಡುಗ ಬಾಯಿ ತೆರೆದ. ರೇವತಿ ಅವನ ತೊಡೆ ಚಿವುಟಿದಳು. ಎದ್ದು ನಿಂತು, ಬೇಕೆಂದೇ ಒಂದು ತಪ್ಪು ಮಾಡಿದಳು.

ಅತ್ತೆಯ ಮುಖ ಅರಳಿತು. "ಚೆನ್ನಾಗದೆ ಕಣಮ್ಮಿ. ಎಲ್ಲಿ ದಾರಿ ತಪ್ತು, ನೋಡಾಣ."

ಅಂದಿನಿಂದ ಮಕ್ಕಳು ದಿನವೂ ಹೊಸ ತಪ್ಪನ್ನು ತಯಾರಿಸಿಕೊಂಡು ಬರತೊಡಗಿದರು. ಹಳೇ ತಪ್ಪು ನಡೆಯುತ್ತಿರಲಿಲ್ಲ. ಲೆಕ್ಕ ಕೊಟ್ಟದ್ದು ಮರೆತರೂ ಹಳೇ ತಪ್ಪು ಅತ್ತೆಗೆ ಹೇಗೋ ಗುರುತು ಸಿಕ್ಕಿಬಿಡುತ್ತಿತ್ತು, ಮುಖ ಬಾಡುತ್ತಿತ್ತು. ತಪ್ಪುಗಳು ಮುಗಿದಾಗ ಕಾಳಿನ ಜಾತಿ ಮೂರು ಮಾಡಿದರು, ನಿಯಮ ತಿರುಗಿಸಿದರು. ಮುದುಕಿಯೊಬ್ಬಳು ನೊಂದುಕೊಳ್ಳಬಾರದೆಂದು ಅಷ್ಟೂ ಮಕ್ಕಳು ಒಂದೇ ಲೆಕ್ಕದ ಒಳಗೆ ಹೊಕ್ಕು, ಅದರ ಕೋಣೆ ಕೋಣೆಗಳನ್ನೆಲ್ಲ ತಡಕಾಡಿದರು. ನನಗೇ ಆ ಲೆಕ್ಕ ಅರ್ಥವಾಯಿತು ಎಂದರೆ ಯೋಚಿಸಿ.

ಕೃಷ್ಣಗಿರಿಗೆ ವ್ಯಾನಿನಲ್ಲಿ ಹೋದೆವು. ಮಕ್ಕಳು ಒಳಗೆ ಪರೀಕ್ಷೆ ಬರೆಯುತ್ತಿದ್ದರೆ ನಾನೂ ಅತ್ತೆಯೂ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆವು. ಸುತ್ತ ತಂದೆತಾಯಿಯರು ಗುಂಪುಗುಂಪಾಗಿ ನಿಂತಿದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ. ಅತ್ತೆ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಯಾರ್ಲಾ ಸತ್ತೋಗಿರೋದು?"

"ಯಾರೂ ಇಲ್ಲ ಅತ್ತೆ. ಲೆಕ್ಕದ ಪರೀಕ್ಷೆ."

"ಲೆಕ್ಕಕ್ಕೆ ಹಿಂಗ್ಯಾಕೆ ನಿಂತವ್ರೆ?" ಎಂದು ಅವಳು ಆ ಮುಖಗಳನ್ನೆಲ್ಲ ಮತ್ತೊಮ್ಮೆ ನೋಡಿದಳು.

ರೇವತಿ ಅಳುತ್ತಾ ಹೊರಗೆ ಬಂದಳು. ಸೀದಾ ಅತ್ತೆಯ ಮುಂದೆ ಬಂದು ನಿಂತು, "ಒಂದು ಬಿಡಿಸಕ್ಕಾಗ್ಲಿಲ್ಲ ಟೀಚರ್" ಎಂದಳು. ಅತ್ತೆಗೆ ಅವಳು ಯಾರೆಂದು ತಿಳಿಯಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೂವಿನ ತೋಟ, ಮೊಗ್ಗು, ಸ್ಕೂಲು, ಎಲ್ಲವೂ ಹೋಗಿತ್ತು. ಆದರೂ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಕೂತ್ಕೋ. ಅದೇ ಬತ್ತದೆ."

ಹುಡುಗಿ ಕೂತಳು. ಪರೀಕ್ಷೆ ಮುಗಿದಿತ್ತು, ಪೇಪರು ಕೊಟ್ಟಾಗಿತ್ತು, ಇನ್ನು ಆ ಲೆಕ್ಕ ಬಂದರೂ ಯಾರಿಗೂ ಬೇಕಾಗಿರಲಿಲ್ಲ. ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ಏನೋ ಗೀಚತೊಡಗಿದಳು. ಅತ್ತೆ ಆ ಮಣ್ಣನ್ನೇ ನೋಡುತ್ತಿದ್ದಳು. ವ್ಯಾನಿನವನು ಹಾರನ್ ಹೊಡೆದು ಹೊಡೆದು ಸುಸ್ತಾದ. ಕೊನೆಗೆ ರೇವತಿ ಮುಖ ಒರೆಸಿಕೊಂಡು ಎದ್ದು, "ಬಂತು ಟೀಚರ್" ಎಂದಳು. ಏನು ಬಂತು ಎಂದು ನಾನು ಕೇಳಿದೆ. ಇಬ್ಬರೂ ನನ್ನನ್ನು ಎಂಥ ನೋಟ ನೋಡಿದರೆಂದರೆ, ನಾನು ಎರಡನೇ ಸಲ ಫೇಲಾದೆ.

ವಾಪಸು ಬರುವಾಗ ಅತ್ತೆ ಕಿಟಕಿಯ ಪಕ್ಕ ಕೂತಳು, ನಾನು ಅವಳ ಪಕ್ಕ. ಉದ್ದನಪಲ್ಲಿಯಲ್ಲಿ ರೇವತಿ ಇಳಿದು ಕೈ ಬೀಸಿದಳು. ಅತ್ತೆ ಮರ್ಯಾದೆಗೆ ತಾನೂ ಕೈ ಬೀಸಿ, ತಿರುಗಿ ನನ್ನನ್ನು ನೋಡಿದಳು. ಡಾಕ್ಟರ ಮುಂದೆ ನೋಡಿದ ಹಾಗೆಯೇ, ಆದರೆ ಈ ಸಲ ಇನ್ನೂ ಹೆಚ್ಚು ಹೊತ್ತು.

"ನೀನ್ಯಾರು?" ಎಂದಳು.

ಫೇಲಾದವನು ಎಂಬುದೂ ಹೋಗಿತ್ತು. ಅದೊಂದು ಇರುತ್ತದೆಂದು ನಾನು ನಂಬಿಕೊಂಡಿದ್ದೆ. ನನ್ನ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ನಿನ್ನ ತಮ್ಮನ ಮಗ, ನೀನು ಬೈಕಿನಲ್ಲಿ ಹಿಂದೆ ಕೂರುತ್ತಿದ್ದವಳು, ನನ್ನ ತಲೆ ಸವರಿದವಳು ಎಂದೆಲ್ಲ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳ ಕೈ ಬಂದು ನನ್ನ ಬಾಯಿ ಮುಚ್ಚಿತು.

"ಹೇಳ್ಬೇಡ. ನಾನೇ ಬಿಡಿಸ್ತೀನಿ."

ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಮೂಗು ನೋಡಿದಳು, ಕಿವಿ ನೋಡಿದಳು. ತುಟಿಯಲ್ಲೇ ಏನೋ ಗುಣಿಸಿಕೊಂಡಳು, ಅಳಿಸಿದಳು, ಮತ್ತೆ ಮೊದಲಿನಿಂದ ಹಿಡಿದಳು. ಕೆಲಮಂಗಲ ಬಂತು. ಮಕ್ಕಳೆಲ್ಲ ಇಳಿದುಹೋದರು. ಅಪ್ಪ ಬಾಗಿಲಿಗೆ ಬಂದು ನಿಂತು, ಯಾಕೆ ಇಳಿಯುತ್ತಿಲ್ಲ ಎಂದು ಕೈಸನ್ನೆಯಲ್ಲೇ ಕೇಳಿದರು. ನಾನು ತಲೆಯಾಡಿಸಿದೆ. ಅವಳ ಕಣ್ಣು ತುಂಬಿಕೊಂಡಿತ್ತು. ಸಿಗದಿದ್ದಾಗ ಮಕ್ಕಳ ಮುಖ ಆಗುತ್ತಿತ್ತಲ್ಲ, ಹಾಗಾಗಿತ್ತು ಅವಳ ಮುಖ.

ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

"ಕೂತ್ಕೋ ಅತ್ತೆ" ಎಂದೆ. "ಅದೇ ಬತ್ತದೆ."